ಅಳಿಯಂದಿರ ಊರೂ, ಮುನಿಲಕ್ಷ್ಮಿಯ ರಿಜಿಸ್ಟರೂ

ಬೆಳಗಿನ ಐದೂಮುಕ್ಕಾಲು. ನಲ್ಲಗುಟ್ಟಪಲ್ಲಿಯ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದ ಗಂಡಸರ ಸಾಲು. ಮಾವು ಹೂ ಬಿಟ್ಟಿರುವ ಕಾಲ. ತೋಪುಗಳ ಕಡೆಯಿಂದ ಬೀಸುವ ಚಳಿಗಾಳಿಯಲ್ಲಿ ಹೂವಿನ ವಾಸನೆ ಎಷ್ಟಿದೆಯೋ ನಿನ್ನೆ ಹೊಡೆದ ಔಷಧಿಯ ವಾಸನೆಯೂ ಅಷ್ಟೇ ಇದೆ. ಒಳಗೆ ಡೇರಿ ಸೆಕ್ರೆಟರಿ ಆಂಜಿನಪ್ಪ ಹಾಲು ಅಳೆಯುತ್ತ ಕೂಗುತ್ತಾರೆ: "ಮಾಲೂರು, ಆರು ಲೀಟ್ರು. ಹೋಳೂರು, ನಾಲ್ಕೂವರೆ. ಏ ಮುಳಬಾಗ್ಲು, ಎಲ್ಲಿ ನೋಡ್ತಾ ಇದೀಯಯ್ಯ, ಮುಂದಕ್ಕೆ ಬಾ!"

ಇವೆಲ್ಲ ಮನುಷ್ಯರ ಹೆಸರುಗಳು. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಿಂದ ಆರು ಕಿಲೋಮೀಟರ್ ಒಳಗಿರುವ ಈ ಪುಟ್ಟ ಊರಿನಲ್ಲಿ ಮದುವೆಯಾದ ಗಂಡಸನ್ನು ಅವನು ಬಂದ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಬೇರೆ ಕಡೆ ಸೊಸೆಗೆ ಅಂಟುವ ಹೆಸರು ಇಲ್ಲಿ ಅಳಿಯನಿಗೆ ಅಂಟಿದೆ. ಸಾಲಿನಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಕೋಲಾರ ಜಿಲ್ಲೆಯೇ ಕ್ಯಾನು ಹಿಡಿದು ಬಂದಂತೆ ಕಾಣುತ್ತದೆ.

ಸಾಲಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತು, ಮಡಿಲಲ್ಲಿ ದಪ್ಪ ರಿಜಿಸ್ಟರ್ ಇಟ್ಟುಕೊಂಡು ಈ ಕ್ಯಾನುಗಳನ್ನೇ ಎಣಿಸುತ್ತಿರುವವರು ಮುನಿಲಕ್ಷ್ಮಿ. ವಯಸ್ಸು ಐವತ್ತೊಂಬತ್ತು. ಊರಿನ ಅಂಗನವಾಡಿ ಕಾರ್ಯಕರ್ತೆ. ಸೀರೆಯ ಮೇಲೆ ಗಂಡನ ಸ್ವೆಟರ್, ಕಿವಿಗೆ ಬಿಗಿಯಾಗಿ ಸುತ್ತಿದ ಟವೆಲ್ಲು. ಊರವರಿಗೆಲ್ಲ ಅವರು ಟೀಚರಮ್ಮ.

"ಬಾಗ್ಲು ತಟ್ಟೋಕ್ ಮುಂಚೆ ಇಲ್ಲಿಗ್ ಬರ್ತೀನಿ ಸಾರ್," ಎನ್ನುತ್ತಾರೆ. "ಯಾವ ಮನೆ ಕ್ಯಾನು ಬಂದಿಲ್ವೋ ಆ ಮನೇಲಿ ಏನೋ ಸಮಾಚಾರ ಇದೆ ಅಂತ ಲೆಕ್ಕ. ಜ್ವರಾನೋ, ಬಾಣಂತನಾನೋ, ಜಗಳಾನೋ. ಮೊದ್ಲು ಆ ಮನೆಗೆ ಹೋಗ್ತೀನಿ." ಅವರು ಮಾಡಬೇಕಾದ ಮನೆಮನೆ ಸಮೀಕ್ಷೆಯ ಕೈಪಿಡಿಯಲ್ಲಿ ಹೀಗೊಂದು ವಿಧಾನವಿಲ್ಲ. ಆದರೆ ಕೈಪಿಡಿ ಬರೆದವರು ಹಸು ಕಟ್ಟಿದವರಲ್ಲ, ಬಿಡಿ.

ಇವತ್ತು ಮಾತ್ರ ಅವರು ಎಣಿಸುವುದಷ್ಟಕ್ಕೇ ಬಿಡುತ್ತಿಲ್ಲ. ಹಾಲು ಹಾಕಿ ಹೊರಟ ಒಬ್ಬೊಬ್ಬರನ್ನೂ ತಡೆದು ಬೇಡಿಕೊಳ್ಳುತ್ತಾರೆ. "ಹತ್ತು ಗಂಟೆಗೆ ಸಾಹೇಬ್ರು ಬರ್ತಾರ್ರಪ್ಪ. ಇವತ್ತೊಂದಿನ ಔಷಧಿ ಹೊಡಿಯೋಕ್ ಹೋಗ್ಬೇಡ್ರಿ, ದಮ್ಮಯ್ಯ." ಮುಳಬಾಗಿಲಿನಿಂದ ನಲವತ್ತು ವರ್ಷದ ಹಿಂದೆ ಅಳಿಯನಾಗಿ ಬಂದ ದೊಡ್ಡಮುನಿಯಪ್ಪ ಎದೆ ತಟ್ಟಿಕೊಂಡು ಅಭಯ ಕೊಡುತ್ತಾರೆ: "ಭಯಪಡಬೇಡಮ್ಮಾ ನೀನು. ನಾವೆಲ್ಲಾ ಮಾತಾಡ್ಕೊಂಡಿದೀವಿ. ನಾವು ನೋಡ್ಕೋತೀವಿ."

ಟೀಚರಮ್ಮನ ಈ ಆತಂಕದ ಮೂಲ ಇರುವುದು ಕೋಲಾರದಲ್ಲಿ, ಒಂದು ನಕ್ಷೆಯಲ್ಲಿ. ಅಲ್ಲಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವ ಉದಯಕುಮಾರ್, ಮನೆಮನೆ ಸಮೀಕ್ಷೆಯ ಅಂಕಿಅಂಶಗಳನ್ನು ಸರ್ಕಾರಿ ಜಾಲತಾಣದಿಂದ ಇಳಿಸಿಕೊಂಡು ವಿದ್ಯಾರ್ಥಿಗಳ ಕೈಯಲ್ಲಿ ಊರೂರಿಗೆ ಬಣ್ಣ ಹಚ್ಚಿಸುತ್ತಿದ್ದಾರೆ. ಒಂದು ನಕ್ಷೆ ಹುಟ್ಟಿದ ಊರಿನದು. ಮದುವೆಯಾದವರಲ್ಲಿ ಹೆಂಗಸರು ಹೆಚ್ಚಾಗಿ ಹೊರಗಿನಿಂದ ಬಂದವರಾದರೆ ಆ ಊರಿಗೆ ಹಳದಿ, ಗಂಡಸರು ಹೆಚ್ಚಾಗಿ ಹೊರಗಿನಿಂದ ಬಂದವರಾದರೆ ಹಸಿರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯೂ ಹಳದಿಯೇ ಹಳದಿ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುವಂತೆ ಆಂಧ್ರದ ಗಡಿಯ ಹತ್ತಿರ ಒಂದೇ ಒಂದು ಹಸಿರು ಚುಕ್ಕೆ.

"ನೊಣ ಕೂತಿದೆ ಅಂತ ಸ್ಕ್ರೀನ್ ಒರೆಸಿದೆ ಸಾರ್," ಎಂದು ಉದಯಕುಮಾರ್ ನಗುತ್ತಾರೆ. ಒರೆಸಿದರೂ ಹೋಗದಿದ್ದಾಗ, ಇದು ಸರಿಯೇ ಎಂದು ಕೇಳಿ ಸಂಬಂಧಪಟ್ಟ ಕಚೇರಿಗೆ ಒಂದು ಮೇಲ್ ಹಾಕಿದರು. ಅವರು ಕೇಳಿದ್ದು ಕುತೂಹಲಕ್ಕೆ. ಕಚೇರಿಯಲ್ಲಿ ಅದು ದೂರು ಎನಿಸಿಕೊಂಡಿತು. ಹದಿನೈದು ದಿನಕ್ಕೆ ಮುನಿಲಕ್ಷ್ಮಿಯ ಕೈಗೆ ನೋಟಿಸ್ ಬಂತು.

ನೋಟಿಸನ್ನು ನಾನೂ ಓದಿದ್ದೇನೆ. ಪುರುಷ ಮತ್ತು ಮಹಿಳೆ ಕಲಂಗಳು ಅದಲುಬದಲಾಗಿರುವುದು ಕಂಡುಬಂದಿದೆಯಂತೆ. ಮನೆಗಳಿಗೆ ಖುದ್ದು ಭೇಟಿ ನೀಡದೆ, ಕುಳಿತಲ್ಲೇ ಭರ್ತಿ ಮಾಡಿರುವ ಸಂಭವವಿದೆಯಂತೆ. ತಿದ್ದುಪಡಿಗೆ ಸಹಿ ಮಾಡಿ ಹಿಂದಿರುಗಿಸತಕ್ಕದ್ದಂತೆ. ಮೂರೇ ವಾಕ್ಯ. ಬರೆದವರಿಗೆ ಮೂರು ನಿಮಿಷವೂ ಹಿಡಿದಿರಲಾರದು.

"ಸಹಿ ಹಾಕಿದ್ರೆ ಅಲ್ಲಿಗೆ ಮುಗೀತಿತ್ತು ಸಾರ್," ಮುನಿಲಕ್ಷ್ಮಿ ಹೇಳುತ್ತಾರೆ. "ಇನ್ನೆಂಟು ತಿಂಗ್ಳಿಗೆ ನಾನ್ ರಿಟೈರು. ನಮ್ಮನೆಯೋರೂ ಅದೇ ಅಂದ್ರು, ಹಾಕ್ಬಿಡು ಅತ್ಲಾಗೆ ಅಂತ. ಆದ್ರೆ ಮನೇಲಿ ಕೂತ್ಕಂಡು ಬರೆದ್ಲು ಅನ್ನೋದು ಕಾಗದದಲ್ಲಿ ಉಳ್ಕೊಂಡ್ಬಿಡುತ್ತಲ್ಲ. ಇಪ್ಪತ್ತೊಂಬತ್ತು ವರ್ಷ ಕಾಲು ಸವೆಸಿದೀನಿ. ಅದೊಂದು ಮಾತು ಹೊತ್ಕೊಂಡು ಮನೆಗ್ ಹೋಗಲ್ಲ ನಾನು." ಸಹಿ ಹಾಕದೆ, ಬಂದು ನೋಡಿ ಎಂದು ಬರೆದು ಕಳಿಸಿದರು. ನೋಡಲು ಇವತ್ತು ಬರುತ್ತಿದ್ದಾರೆ. ರಿಜಿಸ್ಟರ್ ನಿಜವೋ ಸುಳ್ಳೋ ಇಂದೇ ತೀರ್ಮಾನವಾಗಲಿದೆ. ತಪ್ಪಿತಸ್ಥ ಮುಖ ಹೊತ್ತ ಉದಯಕುಮಾರ್ ಅವರ ಬೈಕಿನ ಹಿಂದೆ ಕೂತು ನಾನೂ ಬಂದಿದ್ದೇನೆ.

ಮುನಿಲಕ್ಷ್ಮಿ ಹೋಳೂರಿನ ಮಗಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಇಪ್ಪತ್ತೆರಡಕ್ಕೆ ಅಶ್ವತ್ಥಪ್ಪನವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಅಳಿಯಂದಿರೇ ತುಂಬಿದ ಊರಿನಲ್ಲಿ ಅವರು ಅಪರೂಪದ ಸೊಸೆ. "ಬಂದ ಹೊಸದ್ರಲ್ಲಿ ನನ್ನ ನೋಡೋಕೆ ಜನ ಬರೋರು," ಎಂದು ನಗುತ್ತಾರೆ. ಎಂಟು ವರ್ಷದ ಮೇಲೆ ಅಂಗನವಾಡಿ ಕೆಲಸ ಸಿಕ್ಕಿತು. ಕಟ್ಟಡವಿರಲಿಲ್ಲ. ಮೊದಲ ನಾಲ್ಕು ವರ್ಷ ಮೇಕೆ ಕಟ್ಟುವ ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿದರು. ಮೇಕೆಗಳು ಗೋಡೆಯ ಮೇಲಿನ ಅಕ್ಷರಮಾಲೆಯ ಚಾರ್ಟನ್ನು 'ಅ'ದಿಂದ 'ಔ'ವರೆಗೆ ತಿಂದುಬಿಟ್ಟ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು.

ಈಗ ಕಟ್ಟಡವಿದೆ, ಮೂವತ್ತೊಂದು ಮಕ್ಕಳಿದ್ದಾರೆ, ನಾಲ್ವರು ಬಸುರಿಯರು, ಆರು ಜನ ಬಾಣಂತಿಯರು. ಹನ್ನೊಂದು ರಿಜಿಸ್ಟರು, ಅವೆಲ್ಲವನ್ನೂ ಮತ್ತೆ ತುಂಬಿಸಬೇಕಾದ ಒಂದು ಮೊಬೈಲು. ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಮಂಡಿನೋವಿನ ಟೀಚರಮ್ಮ ದಿನಕ್ಕೆರಡು ಸಲ ಹತ್ತುತ್ತಾರೆ. ವರ್ಷಕ್ಕೊಮ್ಮೆ ನೂರನಲವತ್ಮೂರು ಮನೆಗಳ ಆರುನೂರ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಕೇಳಿ ಬರೆಯುತ್ತಾರೆ. ಈ ಸಲದ ಲೆಕ್ಕದಲ್ಲಿ ಗಂಡಹೆಂಡಿರ ಜೋಡಿ ನೂರಮೂವತ್ತೊಂದು. ಅದರಲ್ಲಿ ತೊಂಬತ್ನಾಲ್ಕು ಜೋಡಿಗಳಲ್ಲಿ ಹೆಂಡತಿ ಈ ಊರಿನವಳು, ಗಂಡ ಹೊರಗಿನವನು.

ಯಾಕೆ ಹೀಗೆ? ಇದಕ್ಕೆ ಉತ್ತರ ಕೇಳಬೇಕಾದರೆ ಮುತ್ಯಾಲಮ್ಮನವರ ಜಗಲಿಗೆ ಹೋಗಬೇಕು. ಎಂಬತ್ತು ದಾಟಿದ ಅವರು ಊರಿನ ಹಿರಿಯ ಅಜ್ಜಿ. ಎಲೆಯಡಿಕೆ ಕುಟ್ಟುತ್ತ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳುತ್ತಾರೆ. ಇಲ್ಲಿ ಹೆಣ್ಣುಮಗು ಹುಟ್ಟಿದರೆ ಊರ ಬೆನ್ನಿಗಿರುವ ಗುಡ್ಡದ ತಪ್ಪಲಲ್ಲಿ ಅವಳ ಹೆಸರಿಗೆ ಐದು ಮಾವಿನ ಸಸಿ ನೆಡುತ್ತಾರೆ. ಗುಡ್ಡಕ್ಕೆ ಇಲ್ಲಿನವರು ಗುಟ್ಟ ಎನ್ನುತ್ತಾರೆ. ಗಂಡಿಗೆ ಹೊಲ, ಹೆಣ್ಣಿಗೆ ಮರ ಎಂಬುದು ಊರಿನ ಕಟ್ಟಳೆ. ಮಗಳು ಮದುವೆಗೆ ಬರುವಷ್ಟರಲ್ಲಿ ಮರ ಕಾಯಿಗೆ ಬಂದಿರುತ್ತದೆ.

"ಒಡವೆ ಆದ್ರೆ ಮೈಮೇಲ್ ಹಾಕ್ಕೊಂಡ್ ಹೋಗ್ತಾಳೆ. ಚೆಟ್ಟುನಿ ಎಟ್ಲಾ ಮೋಸುಕೋನಿ ಪೋತುಂದಿ? ಮರಾನ ಹೆಂಗ್ ಹೊತ್ಕಂಡ್ ಹೋಗ್ತಾಳೆ ಹೇಳಪ್ಪ?" ಅಜ್ಜಿ ಕುಟ್ಟಿದ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. "ಕಾಯಿ ಕಾಲಕ್ಕೆ ಮರದ ಕೆಳಗೆ ಕಾವಲು ಮಲಗಬೇಕು. ಅಣ್ಣತಮ್ಮಂದಿರು ಅವರವರ ಹೊಲ ಬಿಟ್ಟು ಬರ್ತಾರಾ? ಅಳಿಯನ್ನ ಕರೆದ್ವಿ. ಒಂದು ಕಾಯಿ ಕಾಲಕ್ಕೆ ಅಂತ ಬಂದೋನು, ಹಣ್ಣು ತಿಂದ, ಇಲ್ಲೇ ಉಳ್ಕೊಂಡ." ಮೊದಲ ಅಳಿಯ ಹೀಗೆ ಉಳಿದದ್ದು ಅಜ್ಜಿಯ ಅಜ್ಜಿಯ ಕಾಲದಲ್ಲಂತೆ. ಹಾಗಾದರೆ ಈ ಊರಿನ ಗಂಡುಮಕ್ಕಳು ಎಲ್ಲಿ ಎಂದು ಕೇಳುತ್ತೇನೆ. ಒಂದಷ್ಟು ಜನ ಇಲ್ಲೇ ಹೊಲ ಮಾಡಿಕೊಂಡಿದ್ದಾರೆ. ಉಳಿದವರು? ಅಜ್ಜಿ ಬೊಚ್ಚುಬಾಯಿ ತೆರೆದು ನಗುತ್ತಾರೆ. "ಕೊಟ್ಬಿಟ್ವಿ. ನೀವು ಹೆಣ್ಣು ಕೊಡ್ತೀರಲ್ಲ, ನಾವು ಗಂಡು ಕೊಡ್ತೀವಿ."

ಮನೆಅಳಿಯ ಎಂದರೆ ನಮ್ಮಲ್ಲಿ ತುಟಿಯಂಚಿನಲ್ಲಿ ಒಂದು ನಗೆ ಇದ್ದೇ ಇರುತ್ತದೆ. ನಲ್ಲಗುಟ್ಟಪಲ್ಲಿಯಲ್ಲಿ ಆ ನಗೆಗೆ ಜಾಗವಿಲ್ಲ. ನಗಬೇಕಾದವನೂ ಮನೆಅಳಿಯನೇ.

ಹತ್ತು ಗಂಟೆಗೆ ಸರಿಯಾಗಿ ಜೀಪು ಬರುತ್ತದೆ. ಪರಿಶೀಲನೆಗೆ ಬಂದಿರುವ ಕೋದಂಡರಾಮಪ್ಪ ಮಿತಭಾಷಿ, ಗಟ್ಟಿ ಮನುಷ್ಯ. ಟೀಚರಮ್ಮ ಕೊಟ್ಟ ಕಾಫಿ ಬೇಡವೆನ್ನುತ್ತಾರೆ. ಅಂಗನವಾಡಿಯ ಅಂಗಳದಲ್ಲಿ ಊರಿನ ಗಂಡಸರೆಲ್ಲ ಒಗೆದ ಅಂಗಿ ಹಾಕಿ, ತಲೆ ಬಾಚಿ ನಿಂತಿದ್ದಾರೆ. ಒಬ್ಬನೂ ತೋಪಿಗೆ ಹೋಗಿಲ್ಲ. ಮುನಿಲಕ್ಷ್ಮಿಯ ಮುಖ ಅರಳುತ್ತದೆ.

ಅಧಿಕಾರಿ ಮುಂದೆ ನಿಂತಿದ್ದ ದೊಡ್ಡಮುನಿಯಪ್ಪನವರನ್ನು ಕೇಳುತ್ತಾರೆ. "ಹುಟ್ಟಿದ್ದು ಯಾವ ಊರಲ್ಲಿ?"

"ಇದೇ ಊರು ಸಾರ್," ಎಂದು ದೊಡ್ಡಮುನಿಯಪ್ಪ ಎದೆಯುಬ್ಬಿಸುತ್ತಾರೆ. "ನಲ್ಲಗುಟ್ಟಪಲ್ಲಿ."

ಅವರ ಪಕ್ಕದವರು? ಇದೇ ಊರು. ಅವರ ಪಕ್ಕದವರು? ಇದೇ ಊರು ಸಾರ್. ಬೆಳಿಗ್ಗೆ ಡೇರಿಯಲ್ಲಿ ಮಾಲೂರು ಎಂದು ಕೂಗಿದರೆ ಓಗೊಟ್ಟವರು ಈಗ ಮಾಲೂರು ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲದವರಂತೆ ನಿಂತಿದ್ದಾರೆ. ಒಂಬತ್ತು ಜನರನ್ನು ಕೇಳಿದರೆ ಒಂಬತ್ತು ಜನರೂ ಇಲ್ಲೇ ಹುಟ್ಟಿದವರು. ಕೋದಂಡರಾಮಪ್ಪ ರಿಜಿಸ್ಟರನ್ನು ಮುಚ್ಚಿ, ಪಾಪ ಎನ್ನುವ ಹಾಗೆ ಮುನಿಲಕ್ಷ್ಮಿಯ ಕಡೆ ನೋಡುತ್ತಾರೆ. "ನೋಡಿದ್ರಲ್ಲಮ್ಮ. ಕಲಂ ಅದಲುಬದಲಾಗಿದೆ. ಒಂದು ಸಹಿ ಮಾಡಿಕೊಡಿ, ದೊಡ್ಡದು ಮಾಡೋದು ಬೇಡ."

ಟೀಚರಮ್ಮನ ಕಣ್ಣು ತುಂಬಿ ಬರುತ್ತದೆ. "ಯಾಕಣ್ಣ ಹಿಂಗ್ ಮಾಡಿದೆ?" ಎಂದಷ್ಟೇ ದೊಡ್ಡಮುನಿಯಪ್ಪನವರನ್ನು ಕೇಳುತ್ತಾರೆ. ಅವರು ತಬ್ಬಿಬ್ಬಾಗಿ ಪಿಸುಗುಟ್ಟುತ್ತಾರೆ: "ನಿನಗೋಸ್ಕರಾನೇ ಕಣಮ್ಮ. ಹೊರಗಿನೋರು ಯಾರ್ಯಾರಿದಾರೆ ಅಂತ ಹಿಡಿಯೋಕ್ ಬರ್ತಾವ್ರೆ, ಸಿಕ್ರೆ ನಿಂಗೂ ತೊಂದ್ರೆ ನಮ್ಮ ರೇಷನ್ ಕಾರ್ಡೂ ಹೋಗುತ್ತೆ ಅಂತ ಯಾರೋ ಅಂದ್ರು. ಅದಕ್ಕೆ ಎಲ್ರೂ ಒಂದೇ ಮಾತು ಹೇಳೋಣ ಅಂತ." ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದು. ನನ್ನ ಪಕ್ಕದಲ್ಲಿ ಉದಯಕುಮಾರ್ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ.

ಈಗ ಮಾತು ಬದಲಿಸಿದರೆ ಯಾರು ನಂಬುತ್ತಾರೆ? ಮುನಿಲಕ್ಷ್ಮಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಆಮೇಲೆ ಅಧಿಕಾರಿಯ ಕೈಯಿಂದ ರಿಜಿಸ್ಟರ್ ತೆಗೆದುಕೊಂಡು ಒಂದು ಪುಟ ತೆರೆದು ಹಿಡಿಯುತ್ತಾರೆ.

"ಸಾರ್, ಗಂಡಸ್ರನ್ನ ಬಿಡಿ. ಮರಗಳನ್ನ ಕೇಳಿ."

ಪುಟದ ಅಂಚಿನಲ್ಲಿ, ಯಾವ ಕಲಮಿಗೂ ಸೇರದ ಜಾಗದಲ್ಲಿ, ಪೆನ್ಸಿಲಿನ ಸಣ್ಣ ಅಕ್ಷರಗಳಿವೆ. ಈ ಊರಿನಲ್ಲಿ ಹುಟ್ಟಿದ ಪ್ರತಿ ಹೆಣ್ಣಿನ ಹೆಸರಿನ ಪಕ್ಕ ಅವಳ ಮರ ಎಲ್ಲಿದೆ, ಯಾವ ತಳಿ ಎಂದು ಬರೆದಿದೆ. ಯಾವ ಮೇಲಧಿಕಾರಿಯೂ ಕೇಳದ ಮಾಹಿತಿ. "ಅಂಗನವಾಡಿಗೆ ಸೇರಿದ ವರ್ಷದಿಂದ ಬರ್ಕೊಂಡ್ ಬಂದಿದೀನಿ ಸಾರ್. ಮರ ಇದ್ರೆ ಇಲ್ಲಿ ಹುಟ್ಟಿದೋಳು. ಇಲ್ಲದಿದ್ರೆ ನನ್ ಥರ ಬಂದೋಳು. ನೀವೇ ಯಾವ್ದಾದ್ರೂ ಹೆಸರು ಹಿಡೀರಿ. ನಾನು ಬಾಯಿ ಬಿಡಲ್ಲ."

ಕೋದಂಡರಾಮಪ್ಪ ಹುಬ್ಬು ಮೇಲೇರಿಸುತ್ತಾರೆ. ಕಣ್ಣು ಮುಚ್ಚಿ ಪುಟ ತಿರುವಿ ಬೆರಳಿಡುತ್ತಾರೆ. ಕೊಂಡಮ್ಮ, ಮನೆ ನಂಬರ್ ಐವತ್ತೆರಡು. ಅಂಚಿನಲ್ಲಿ: ಗುಟ್ಟದ ಪಡುವಲ, ಬಂಡೆ ಪಕ್ಕ, ಬಾದಾಮಿ ಐದು. ನಲವತ್ತೈದು ವರ್ಷದ ಕೊಂಡಮ್ಮ ಕರೆ ಕೇಳಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಮನೆಯಿಂದ ಹೊರಗೆ ಬರುತ್ತಾರೆ. ಅಧಿಕಾರಿ ಪುಟವನ್ನು ಎದೆಗೆ ಒತ್ತಿಕೊಂಡು, ಯಾರಿಗೂ ಕಾಣದಂತೆ, "ನಿಮ್ಮ ಮರ ತೋರಿಸಿ," ಎನ್ನುತ್ತಾರೆ.

ಕೊಂಡಮ್ಮ ಏನು ಎತ್ತ ಎಂದು ಕೇಳುವುದೇ ಇಲ್ಲ. ಮಗಳ ಮನೆಗೆ ಹೊರಟವರ ಹಾಗೆ ಸರಸರ ನಡೆಯುತ್ತಾರೆ. ಹಿಂದೆ ಅಧಿಕಾರಿ, ಅವರ ಹಿಂದೆ ನಾವು, ನಮ್ಮ ಹಿಂದೆ ತಲೆ ತಗ್ಗಿಸಿದ ತೊಂಬತ್ತು ಅಳಿಯಂದಿರು. ಗುಟ್ಟದ ಪಡುವಲಕ್ಕೆ ಬಂದು, ದೊಡ್ಡದೊಂದು ಬಂಡೆಯ ಪಕ್ಕ ಹೂ ತುಂಬಿದ ಐದು ಮರಗಳ ನಡುವೆ ನಿಂತು ಅವರು ಒಂದು ಕಾಂಡವನ್ನು ತಟ್ಟುತ್ತಾರೆ. "ಬಾದಾಮಿ ಸಾರ್, ಐದೂ ನಂದೇ. ನಮ್ಮಪ್ಪ ನೆಟ್ಟಿದ್ದು. ಇವರದ್ದೇನೂ ಇಲ್ಲ ಇದ್ರಲ್ಲಿ." ಕೊನೆಯ ಮಾತು ಗುಂಪಿನಲ್ಲಿದ್ದ ಗಂಡನಿಗೆ. ನಗು ಏಳುತ್ತದೆ.

ಕೋದಂಡರಾಮಪ್ಪ ಮತ್ತೆ ಬೆರಳಿಡುತ್ತಾರೆ. ಮತ್ತೊಬ್ಬಾಕೆ, ಮತ್ತೊಂದು ಮರ. ಅಂಚಿನಲ್ಲಿ ತೋತಾಪುರಿ ಎಂದಿದ್ದಲ್ಲಿ ತೋತಾಪುರಿ, ನೀಲಂ ಎಂದಿದ್ದಲ್ಲಿ ನೀಲಂ. ಎಂಟನೆಯ ಹೆಸರಿಗೆ ಬರುವ ಹೊತ್ತಿಗೆ ಅವರು ಪರೀಕ್ಷಿಸುವುದನ್ನು ಬಿಟ್ಟು ಆಟ ಆಡುವವರಂತೆ ಕಾಣುತ್ತಾರೆ. ಬಿಸಿಲೇರಿ ಬೆವರು ಸುರಿಯುತ್ತಿದೆ, ಬೂಟಿಗೆಲ್ಲ ಕೆಮ್ಮಣ್ಣು. "ಇನ್ನೊಂದು, ಇನ್ನೊಂದು," ಎನ್ನುತ್ತ ಹನ್ನೆರಡು ಹೆಸರು ಮುಗಿಸುತ್ತಾರೆ. ಹನ್ನೆರಡೂ ಸರಿ. ಆಮೇಲೆ ದೊಡ್ಡಮುನಿಯಪ್ಪನವರ ಕಡೆ ತಿರುಗುತ್ತಾರೆ. "ನಿಮ್ಮ ಮರ ಎಲ್ರೀ?"

ದೊಡ್ಡಮುನಿಯಪ್ಪ ಟವೆಲ್ಲು ಕೈಗೆ ತೆಗೆದುಕೊಂಡು ನಾಚುತ್ತಾರೆ. "ನನಗೆಲ್ಲಿ ಮರ ಸಾರ್. ನಾನು ಮುಳಬಾಗ್ಲೋನು."

ತೋಪಿಗೆ ತೋಪೇ ನಕ್ಕುಬಿಡುತ್ತದೆ. ಯಾರ ಕಾರ್ಡನ್ನೂ ಕಿತ್ತುಕೊಳ್ಳುವುದಿಲ್ಲ ಎಂದು ಅಧಿಕಾರಿ ಅಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಬೇಕಾಗುತ್ತದೆ. ಹೇಳಿದ್ದೇ ತಡ, ಒಬ್ಬರ ಮೇಲೊಬ್ಬರು ಬಿದ್ದು ಊರುಗಳ ಹೆಸರು ಕೂಗುತ್ತಾರೆ. ಹೋಳೂರು! ಮಾಲೂರು! ಮದನಪಲ್ಲಿ! ಕೋದಂಡರಾಮಪ್ಪ ಬಂಡೆಯ ಮೇಲೆ ಕೂತು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಾರೆ: ಖುದ್ದು ಪರಿಶೀಲಿಸಲಾಗಿದೆ, ಎಲ್ಲ ಕಲಂಗಳೂ ಸರಿಯಾಗಿವೆ. ಕೆಳಗೆ ಸಹಿ, ತಾರೀಕು. ನೋಟಿಸ್ ವಾಪಸ್ ಪಡೆಯುವುದಾಗಿಯೂ ಹೇಳುತ್ತಾರೆ. ನನಗೆ ಚಪ್ಪಾಳೆ ತಟ್ಟಬೇಕೆನಿಸುತ್ತದೆ, ತಟ್ಟಿಯೇ ಬಿಡುತ್ತೇನೆ.

ಬೆಳಿಗ್ಗೆ ಬೇಡವೆಂದಿದ್ದ ಕಾಫಿಯನ್ನು ಸಾಹೇಬರು ಈಗ ಎರಡು ಲೋಟ ಕುಡಿಯುತ್ತಾರೆ. ಮುತ್ಯಾಲಮ್ಮ ಕೋಲೂರಿಕೊಂಡು ಬಂದು ಅವರ ಮುಂದೆಯೇ ಕೂತು ವಿಚಾರಿಸುತ್ತಾರೆ. "ಮದ್ವೆಗಿರೋ ಗಂಡುಮಕ್ಕಳಿದಾರಾ ಸ್ವಾಮಿ ನಿಮ್ಮನೇಲಿ? ಇದ್ರೆ ಕೊಡಿ. ಚೆನ್ನಾಗ್ ನೋಡ್ಕೋತೀವಿ." ಉದಯಕುಮಾರ್ ಟೀಚರಮ್ಮನ ಮುಂದೆ ಕೈ ಮುಗಿದು, ತಮ್ಮ ಒಂದು ಇಮೇಲ್‌ನಿಂದ ಇಷ್ಟೆಲ್ಲ ಆಯಿತೆಂದು ಕ್ಷಮೆ ಕೇಳುತ್ತಾರೆ. ಹಸಿರು ಚುಕ್ಕೆಯನ್ನು ಹಾಗೆಯೇ ಉಳಿಸಿ, ಕೆಳಗೆ ಮರಗಳ ವಿಷಯ ಬರೆಸುತ್ತಾರಂತೆ. "ಬಿಡಪ್ಪ," ಎನ್ನುತ್ತಾರೆ ಮುನಿಲಕ್ಷ್ಮಿ. "ನೀನು ಕೇಳದೆ ಹೋಗಿದ್ರೆ ಈ ಪೆನ್ಸಿಲ್ ಬರಹ ಯಾರ್ ಓದ್ತಿದ್ರು?"

ಎಲ್ಲರೂ ಹೋದ ಮೇಲೆ ಅವರ ಮನೆಯ ಹೊಸ್ತಿಲಲ್ಲಿ ಕೂರುತ್ತೇವೆ. ಅಶ್ವತ್ಥಪ್ಪ ಒಳಗಿನಿಂದಲೇ, "ಸಹಿ ಹಾಕು ಅಂದಿದ್ದು ನಾನಲ್ಲ ಅಂತ ಬರ್ಕೊಳ್ಳಿ ಸಾರ್," ಎಂದು ಕೂಗುತ್ತಾರೆ. ನಿವೃತ್ತಿಯ ನಂತರ ಏನು ಆಸೆ ಎಂದು ಟೀಚರಮ್ಮನನ್ನು ಕೇಳುತ್ತೇನೆ. ಅವರು ರಿಜಿಸ್ಟರಿನಲ್ಲಿ ತಮ್ಮ ಮನೆಯ ಪುಟ ತೆರೆಯುತ್ತಾರೆ. ಅಶ್ವತ್ಥಪ್ಪ, ಮುನಿಲಕ್ಷ್ಮಿ, ಹುಟ್ಟಿದ ಊರು ಹೋಳೂರು. ಅಂಚು ಖಾಲಿ.

"ಮನೇಲಿ ಕೂತ್ಕಂಡು ಬರೆದಿರೋದು ಅಂದ್ರೆ ಇದೊಂದೇ ಸಾರ್, ನಮ್ಮನೇದು. ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿಗೆ ಯಾರೂ ಬಂದು ಕೇಳಿಲ್ಲ. ಯಾರು ಬರ್ತಾರೆ, ಬರೋಳು ನಾನೇ ತಾನೆ." ಪುಟವನ್ನು ಅಂಗೈಯಿಂದ ಸವರಿ ರಿಜಿಸ್ಟರ್ ಮುಚ್ಚುತ್ತಾರೆ. "ಮುಂದಿನ್ ವರ್ಷ ಹೊಸ ಟೀಚರ್ ಬರ್ತಾಳಲ್ಲ, ಅವಳು ಈ ಬಾಗ್ಲಿಗೂ ಬಂದು, ಅಮ್ಮಾ ಮನೇಲಿ ಎಷ್ಟು ಜನ ಅಂತ ಕೇಳ್ಬೇಕು. ಒಳಗ್ ಕರೆದು ಕೂರಿಸ್ತೀನಿ. ಏನೂ ಗೊತ್ತಿಲ್ದೋಳ ಥರ ಬೆರಳು ಮಡಿಚಿ ಎಣಿಸಿ, ಇಬ್ರು ಕಣಮ್ಮ ಅಂತ ಹೇಳ್ತೀನಿ."